ಗೋಡೆ ಒಡೆದದ್ದು ಯಾರಿಗಾಗಿ?

ಲೀ ಕ್ರಾಸ್ನರ್ ಎಂಬ ಹೆಸರು ಎಲ್ಲಿ ಬಂದರೂ ಅದರ ಹಿಂದೆಯೇ ‘ಜಾಕ್ಸನ್ ಪೊಲಾಕ್‌ನ ಹೆಂಡತಿ’ ಅಂತ ಒಂದು ಬಾಲ ಬರುತ್ತದೆ. ಈಗೀಗ ಆ ಬಾಲ ಇನ್ನೂ ಉದ್ದವಾಗಿದೆ: ‘ಗಂಡನ ನೆರಳಲ್ಲಿ ಮರೆಯಾದ ಪ್ರತಿಭೆ’. ಓದಿದವರು ಅಯ್ಯೋ ಪಾಪ ಅಂದು, ಒಂದು ಲೈಕ್ ಒತ್ತಿ ಮುಂದೆ ಹೋಗುತ್ತಾರೆ. ನನಗೆ ಮೊದಲನೆಯದಕ್ಕಿಂತ ಈ ಎರಡನೆಯದರ ಮೇಲೇ ಸಿಟ್ಟು ಜಾಸ್ತಿ. ನೆರಳು ಅಂದುಬಿಟ್ಟರೆ ಅದು ಮಳೆ ಬಿಸಿಲಿನ ಹಾಗೆ, ಯಾರನ್ನೂ ಕೇಳುವಂತಿಲ್ಲ. ಚದರಡಿ ಲೆಕ್ಕವನ್ನಾದರೆ ಕೇಳಬಹುದು.

1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಬೆಳೆದ ಅಬ್‌ಸ್ಟ್ರಾಕ್ಟ್ ಎಕ್ಸ್‌ಪ್ರೆಷನಿಸಂ ಗಾತ್ರವನ್ನೇ ಗುಣ ಮಾಡಿಕೊಂಡ ಚಳವಳಿ. ದೊಡ್ಡ ಕ್ಯಾನ್ವಾಸು, ಇಡೀ ತೋಳು ಬೀಸಿ ಎಳೆದ ಗೆರೆ. ಅದನ್ನು ಧೈರ್ಯ ಅಂದರು, ಗಂಡಸುತನ ಅಂದರು. ದೊಡ್ಡ ಕ್ಯಾನ್ವಾಸಿಗೆ ಮೊದಲು ಬೇಕಾದ್ದು ದೊಡ್ಡ ಗೋಡೆ ಅಂತ ಯಾರೂ ಒತ್ತಿ ಹೇಳಲಿಲ್ಲ. 1943ರಲ್ಲಿ ಪೆಗ್ಗಿ ಗುಗನ್‌ಹೈಮ್ ತನ್ನ ಮನೆಗೆಂದು ಪೊಲಾಕ್‌ನಿಂದ ಸುಮಾರು 20 ಅಡಿ ಅಗಲದ ಚಿತ್ರ ಬರೆಸಿದಳು. ಪೊಲಾಕ್ ಮತ್ತು ಕ್ರಾಸ್ನರ್ ಇದ್ದ ಬಾಡಿಗೆ ಮನೆಯಲ್ಲಿ ಅದು ಹಿಡಿಸುವಂತಿರಲಿಲ್ಲ. ಒಂದು ಗೋಡೆಯನ್ನೇ ಒಡೆದರು, ಅದೂ ಮಾಲೀಕನಿಗೆ ಗೊತ್ತಾಗದ ಹಾಗೆ! (ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲೂ ಹೆದರುವವರು ಇದನ್ನು ಇನ್ನೊಮ್ಮೆ ಓದಿಕೊಳ್ಳಿ.)

1945ರಲ್ಲಿ ಮದುವೆಯಾಗಿ ಇಬ್ಬರೂ ಲಾಂಗ್ ಐಲೆಂಡಿನ ಸ್ಪ್ರಿಂಗ್ಸ್ ಎಂಬ ಊರಿಗೆ ಹೋದರು. ಮನೆಯ ಜೊತೆ ಒಂದು ಕೊಟ್ಟಿಗೆಯೂ ಸಿಕ್ಕಿತು. ಕೊಟ್ಟಿಗೆ ಆತನ ಸ್ಟುಡಿಯೋ ಆಯಿತು, ಮಹಡಿಯ ಮಲಗುವ ಕೋಣೆ ಈಕೆಯ ಪಾಲಿಗೆ ಬಂತು. ಆತ ನೆಲದ ಮೇಲೆ ಕ್ಯಾನ್ವಾಸ್ ಹಾಸಿ, ಸುತ್ತ ನಡೆದು ಬಣ್ಣ ಸುರಿದ. ಅದು ಇತಿಹಾಸವಾಯಿತು. ಸುತ್ತ ನಡೆಯಲು ಜಾಗವಿತ್ತಲ್ಲ! ಈಕೆ ಆ ಕೋಣೆಯಲ್ಲಿ ‘ಲಿಟಲ್ ಇಮೇಜಸ್’ ಸರಣಿ ಬರೆದಳು: ಅಂಗುಲವೂ ಖಾಲಿ ಬಿಡದ, ಲಿಪಿಯಂತೆ ಕಾಣುವ, ಆದರೆ ಓದಲಾಗದ ಚಿತ್ರಗಳು. ಚಿಕ್ಕಂದಿನಲ್ಲಿ ಹೀಬ್ರೂ ಬರೆಯಲು ಕಲಿತು ಮರೆತವಳು. ಚಿತ್ರ ಬರೆಯುವಾಗ ಕೈ ಬಲದಿಂದ ಎಡಕ್ಕೇ ಹೋಗುತ್ತಿತ್ತಂತೆ. ಅವು ಸಣ್ಣ ಚಿತ್ರಗಳು, ನಿಜ. ಕಡಿಮೆ ಚಿತ್ರಗಳಲ್ಲ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇಬ್ಬರಿಗೂ ಮೀಟಿಂಗ್ ಇದ್ದಾಗ ಬಾಗಿಲಿರುವ ಕೋಣೆ ಯಾರಿಗೆ, ಡೈನಿಂಗ್ ಟೇಬಲ್ ಯಾರಿಗೆ ಅನ್ನುವುದು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

‘ಆದರೆ ಪೊಲಾಕ್ ನಿಜಕ್ಕೂ ದೊಡ್ಡವನಲ್ವಾ?’ ಹೌದು, ದೊಡ್ಡವನೇ. ಹಾಗಂತ ಮೊದಲು ಹೇಳಿದವರಲ್ಲಿ ಕ್ರಾಸ್ನರ್ ಒಬ್ಬಳು. ನ್ಯೂಯಾರ್ಕಿನ ಕಲಾವಿದರ ನಡುವೆ ಆಗಲೇ ಹೆಸರಿದ್ದವಳು ಈಕೆ; ಡಿ ಕೂನಿಂಗ್, ವಿಮರ್ಶಕ ಗ್ರೀನ್‌ಬರ್ಗ್ ಇವರನ್ನೆಲ್ಲ ಆತನಿಗೆ ಪರಿಚಯಿಸಿದ್ದೂ ಈಕೆಯೇ. ಗುರು ಹಾನ್ಸ್ ಹಾಫ್‌ಮನ್ ಈಕೆಯ ಚಿತ್ರ ನೋಡಿ, ಇದು ಹೆಂಗಸು ಬರೆದದ್ದು ಅಂತ ಗೊತ್ತೇ ಆಗುವುದಿಲ್ಲ, ಅಷ್ಟು ಚೆನ್ನಾಗಿದೆ ಎಂಬರ್ಥದ ಮಾತು ಹೇಳಿದ್ದ. ಅದು ಹೊಗಳಿಕೆ ಕಣ್ರೀ!

ಗಂಡ ಸತ್ತ ಮೇಲೆ ಅರಳಿದಳು ಅನ್ನುವ ಇನ್ನೊಂದು ಗುಂಪಿದೆ. ಪೊಲಾಕ್ ಕಾರು ಅಪಘಾತದಲ್ಲಿ ಸತ್ತದ್ದು 1956ರ ಆಗಸ್ಟಿನಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ, ತನ್ನದೇ ಹಳೆಯ ಚಿತ್ರಗಳನ್ನು ಹರಿದು ಅಂಟಿಸಿ ಮಾಡಿದ ಕೊಲಾಜ್‌ಗಳನ್ನು ಸ್ಟೇಬಲ್ ಗ್ಯಾಲರಿಯಲ್ಲಿ ಪ್ರದರ್ಶಿಸಿದ್ದಳು. ಸಾವಿನ ನಂತರ ಸಿಕ್ಕಿದ್ದು ಕೊಟ್ಟಿಗೆ. ಮರುವರ್ಷವೇ ‘ದಿ ಸೀಸನ್ಸ್’ ಬಂತು, 17 ಅಡಿ ಅಗಲ. ಗುಲಾಬಿ, ಹಸಿರು, ತುಂಬಿ ಒಡೆಯುವಂತಿರುವ ಆಕಾರಗಳು. ಆ ತೋಳು ಮೊದಲಿನಿಂದಲೂ ಇತ್ತು, ಬೀಸಲು ಜಾಗವಿರಲಿಲ್ಲ. ಆಮೇಲೆ ನಿದ್ದೆ ಬಾರದ ರಾತ್ರಿಗಳಲ್ಲಿ ಬರೆಯತೊಡಗಿದಳು. ದೀಪದ ಬೆಳಕಿನಲ್ಲಿ ಬಣ್ಣ ನಂಬಲಾಗದು ಎಂದು ಕಂದು–ಬಿಳಿಗಳಲ್ಲೇ ದೊಡ್ಡ ದೊಡ್ಡ ಕ್ಯಾನ್ವಾಸು ತುಂಬಿಸಿದಳು. ಗ್ರೀನ್‌ಬರ್ಗ್‌ಗೆ ಅವು ಹಿಡಿಸಲಿಲ್ಲ. ಆತನ ಮೂಲಕ ಆಗಬೇಕಿದ್ದ ಪ್ರದರ್ಶನ ನಿಂತುಹೋಯಿತು. ಈಕೆಯ ಕುಂಚ ನಿಲ್ಲಲಿಲ್ಲ.

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್, 44 ವರ್ಷದ ಪೊಲಾಕ್ ಬದುಕಿರುವಾಗಲೇ ಅವನ ಪ್ರದರ್ಶನಕ್ಕೆ ತಯಾರಿ ನಡೆಸಿತ್ತು. ಕ್ರಾಸ್ನರ್‌ಳ ಇಡೀ ಬದುಕಿನ ಕೆಲಸ ಹೂಸ್ಟನ್‌ನಲ್ಲಿ ಶುರುವಾಗಿ ಆ ಮ್ಯೂಸಿಯಂ ಗೋಡೆಗೆ ಬರುವ ಹೊತ್ತಿಗೆ 1984ರ ಡಿಸೆಂಬರ್. ಜೂನ್‌ನಲ್ಲೇ ಆಕೆ ತೀರಿಕೊಂಡಿದ್ದಳು, 75 ವಯಸ್ಸು.