ಬೋನಾಳದ ಗಡಿಗೆ, ಡಬ್ಲಿನ್ನಿನ ಪೀಪಾಯಿ

ಸುರಪುರ ತಾಲ್ಲೂಕಿನ ಬೋನಾಳ ಎಂದರೆ ಹೊರಗಿನವರಿಗೆ ನೆನಪಾಗುವುದು ಹಕ್ಕಿಗಳ ಕೆರೆ. 17ನೇ ಶತಮಾನದಲ್ಲಿ ಸುರಪುರದ ದೊರೆ ಪಾಮನಾಯಕ ಕಟ್ಟಿಸಿದ್ದು, 19ನೇ ಶತಮಾನದಲ್ಲಿ ಮೆಡೋಸ್ ಟೇಲರ್ ಸಾಹೇಬ ಸುಧಾರಿಸಿದ್ದು. ಚಳಿಗಾಲದಲ್ಲಿ ವಲಸೆ ಹಕ್ಕಿ ನೋಡಲು ಮಕ್ಕಳನ್ನು ಕಟ್ಟಿಕೊಂಡು ಹೋಗುವ ಮೇಷ್ಟ್ರುಗಳು ಈಗಲೂ ಇದ್ದಾರೆ. ಆದರೆ ಆ ಸೀಮೆಯಿಂದ ನನಗೆ ಈ ಸಲ ಬಂದ ಪತ್ರದಲ್ಲಿ ಹಕ್ಕಿಯ ಸುದ್ದಿ ಇರಲಿಲ್ಲ. ಒಡೆದ ಬಾಟಲಿಯ ಸುದ್ದಿ ಇತ್ತು.

ಬರೆದವರು ಒಬ್ಬ ರೈತರು. ಹೆಸರು ಬೇಡ. ಮಗ ಪಿಯುಸಿ ಎರಡನೇ ವರ್ಷ, ವಿಜ್ಞಾನ. ಬೆಂಗಳೂರಿನಲ್ಲಿ ಓದುವ ಗೆಳೆಯನೊಬ್ಬ ಅವನಿಗೆ ಹೇಳಿದನಂತೆ: ಪರದೇಶದಲ್ಲಿ ಜನ ಮನೆಯಲ್ಲೇ ನಾಲ್ಕೈದು ಲೀಟರ್ ಬಿಯರ್ ಮಾಡಿಕೊಳ್ಳುತ್ತಾರೆ, ಅದೊಂದು ಹವ್ಯಾಸ, ಅದೆಲ್ಲ ಬರೀ ಕೆಮಿಸ್ಟ್ರಿ. ಹುಡುಗನ ತಲೆಯಲ್ಲಿ ಅದು ಕೂತಿತು. ಬಾರ್ಲಿ ಸಿಗಲಿಲ್ಲ. ಮನೆಯ ಜೋಳವನ್ನೇ ಮೊಳಕೆ ಬರಿಸಿದ, ಕುದಿಸಿದ, ಬೆಲ್ಲ ಸೇರಿಸಿದ, ಬೇಕರಿಯಿಂದ ಚೂರು ಯೀಸ್ಟ್ ತಂದು ಹಾಕಿದ. ಎರಡು ಗಾಜಿನ ಬಾಟಲಿಗೆ ತುಂಬಿ, ಗಟ್ಟಿಯಾಗಿ ಮುಚ್ಚಳ ಬಿಗಿದು, ಗೋಡೆಯ ಗೂಡಿನಲ್ಲಿ ಬಚ್ಚಿಟ್ಟ. ಮೂರನೆಯ ರಾತ್ರಿ ಬಾಟಲಿ ಸಿಡಿಯಿತು. ಗೂಡಿನ ಕೆಳಗೇ ಆಯಿ ಮತ್ತು ಸಣ್ಣ ಮೊಮ್ಮಗಳು ಮಲಗುತ್ತಿದ್ದರು. ಆ ರಾತ್ರಿ ಸೆಕೆಗೆ ಅಂಗಳಕ್ಕೆ ಹೋಗಿದ್ದರು. ದೇವರು ದೊಡ್ಡವನು ಎಂದು ತಂದೆ ಬರೆದಿದ್ದಾರೆ.

“ನಮ್ಮಪ್ಪ ಸೇಂದಿ, ಸಾರಾಯಿಗೆ ಎರಡು ಎಕರೆ ಕಳದಾನ್ರಿ. ಈಗ ನನ್ನ ಮಗ ಮನ್ಯಾಗ ಭಟ್ಟಿ ಹಚ್ಚ್ಯಾನ. ಹೊಡದೀನಿ. ಹೊಡದಿದ್ದು ತಪ್ಪೇನ್ರಿ? ಇವನ ಸಾಯನ್ಸ್ ಬಿಡಿಸಿ ಹೊಲಕ್ಕ ಹಚ್ಚಬೇಕಂತ ಮಾಡೀನಿ” ಎಂದು ಅವರ ಪತ್ರ ಮುಗಿಯುತ್ತದೆ. ಅದೇ ಲಕೋಟೆಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಇತ್ತು, ತಂದೆಗೆ ಗೊತ್ತಿತ್ತೋ ಇಲ್ಲವೋ ತಿಳಿಯದು. ಅದರಲ್ಲಿ ಒಂದೇ ಪ್ರಶ್ನೆ: “ಸರ್, ಆಯಿ ದಿನಾ ಅಂಬಲಿ ಹುಳಿ ಹಾಕ್ತಾಳ. ಅದು ಯಾಕ ಬಿಯರ್ ಆಗಂಗಿಲ್ಲ?”

ಪತ್ರಗಳಿಗೆ ಉತ್ತರ ಬರೆಯುವ ಇಷ್ಟು ವರ್ಷಗಳಲ್ಲಿ ಇಂಥ ಪ್ರಶ್ನೆ ನನಗೆ ಹೆಚ್ಚು ಬಂದಿಲ್ಲ. ಮೊದಲು ತಂದೆಯವರ ಭಯದ ಮಾತು ಮುಗಿಸಿ ಅದಕ್ಕೆ ಬರುತ್ತೇನೆ.

ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಒಂದು ಬಾಟಲಿ, ಎರಡು ಬಾಟಲಿ, ಪ್ರಯೋಗಕ್ಕಾಗಿ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ 1963ರಿಂದ, ಅಮೆರಿಕದಲ್ಲಿ 1978ರ ಕಾನೂನಿನಿಂದ, ಮಾರಾಟಕ್ಕಲ್ಲದೆ ಮನೆಮಟ್ಟಿಗೆ ಬಿಯರ್ ಮಾಡಲು ಅವಕಾಶ ಇದೆ. ಗೆಳೆಯ ಹೇಳಿದ್ದು ಆ ದೇಶಗಳ ಮಾತು. ನಮ್ಮಲ್ಲಿ ಅದಿಲ್ಲ. ವಯಸ್ಸಿನ ಮಾತು ಬೇರೆ. ಆದ್ದರಿಂದ, ತಮ್ಮಾ, ಎರಡನೆಯ ಬಾಟಲಿ ಇನ್ನೂ ಇದ್ದರೆ ಅದನ್ನು ನೀನು ಮುಟ್ಟಬೇಡ. ಕೈಗೆ ತೆಗೆದರೆ ಅದೂ ಸಿಡಿಯಬಹುದು. ಯಾರನ್ನೂ ಹತ್ತಿರ ಬಿಡದೆ, ಹಿರಿಯರೊಬ್ಬರು ಮುಖ ಮುಚ್ಚಿಕೊಂಡು, ದಪ್ಪ ಗೋಣಿಚೀಲ ಹಲವು ಮಡಿಕೆ ಸುತ್ತಿ ಹೊರಗೆ ಒಯ್ದು ತಿಪ್ಪೆಗೆ ಹಾಕಲಿ.

ಬಾಟಲಿ ಯಾಕೆ ಒಡೆಯಿತು ಎಂಬುದು ಪುಸ್ತಕದಲ್ಲೇ ಇದೆ. ಹುಡುಗ ಲೆಕ್ಕ ಹಾಕಲಿಲ್ಲ, ಅಷ್ಟೆ. ಯೀಸ್ಟ್ 180 ಗ್ರಾಂ ಗ್ಲೂಕೋಸನ್ನು 92 ಗ್ರಾಂ ಆಲ್ಕೊಹಾಲ್ ಮತ್ತು 88 ಗ್ರಾಂ ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಅಂದರೆ 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಹೊರಬರುವ ಅನಿಲ 25 ಲೀಟರಿಗೂ ಹೆಚ್ಚು. ಅದನ್ನು ಮುಚ್ಚಿದ ಬಾಟಲಿಯ ಕತ್ತಿನಲ್ಲಿ ಹಿಡಿದಿಡಲು ಹೊರಟರೆ ಗಾಜು ಏನು ಮಾಡಬೇಕು?

ಇನ್ನೊಂದು ಅಪಾಯ ಹುಡುಗನಿಗೆ ಗೊತ್ತೇ ಆಗಿರಲಿಲ್ಲ, ಆದರೆ ತಂದೆಗೆ ಗೊತ್ತಿರುವುದು. ಎಳೆ ಜೋಳದ ಹೊಲಕ್ಕೆ, ಮಳೆ ಇಲ್ಲದೆ ಕುಗ್ಗಿದ ಜೋಳಕ್ಕೆ ದನ ಬಿಡಬಾರದು ಎಂದು ಆ ಕಡೆಯ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಎಳೆ ಜೋಳದಲ್ಲಿರುವ ಧುರಿನ್ ಎಂಬ ವಸ್ತು ಒಡೆದಾಗ ಸಯನೈಡ್ ಹೊರಬರುತ್ತದೆ. ಮೊಳಕೆ ಒಡೆದ ಜೋಳದ ಕುಡಿಯಲ್ಲೂ ಬೇರಿನಲ್ಲೂ ಅದೇ ವಸ್ತು ಇದೆ. ಕಾಳಿನಲ್ಲಿ ಹೆಚ್ಚಿಲ್ಲ, ರೊಟ್ಟಿಗೆ ಭಯ ಬೇಡ. ಮೊಳಕೆ ಜೋಳವನ್ನು ಮಾತ್ರ ಮನೆಯ ಪ್ರಯೋಗಕ್ಕೆ ತೆಗೆದುಕೊಳ್ಳಬಾರದು. ದನ ಕಾಯುವ ತಂದೆಯ ಜ್ಞಾನ, ಪುಸ್ತಕ ಓದುವ ಮಗನ ಜ್ಞಾನ ಎರಡೂ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡಿದ್ದರೆ ಇದು ತಪ್ಪುತ್ತಿತ್ತು.

ಈಗ ಆಯಿಯ ಗಡಿಗೆಗೆ ಬರೋಣ.

ರಾತ್ರಿ ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ, ನಿನ್ನೆಯ ಹುಳಿಯನ್ನು ಒಂದು ಚಮಚ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಾಳೆ. ಬೆಳಿಗ್ಗೆ ಕುದಿಸಿ, ಉಪ್ಪು, ಜೀರಿಗೆ, ಬೆಳ್ಳುಳ್ಳಿ ಹಾಕಿ, ಆರಿದ ಮೇಲೆ ಮಜ್ಜಿಗೆ ಬೆರೆಸುತ್ತಾಳೆ. ಇದು ಯಾಕೆ ಬಿಯರ್ ಆಗುವುದಿಲ್ಲ? ಎರಡು ಕಾರಣ. ಜೋಳದ ಹಿಟ್ಟಿನಲ್ಲಿರುವುದು ಪಿಷ್ಟ. ಯೀಸ್ಟಿಗೆ ಬೇಕಾದದ್ದು ಸಕ್ಕರೆ. ಪಿಷ್ಟವನ್ನು ಸಕ್ಕರೆಯಾಗಿ ಕತ್ತರಿಸುವ ಕತ್ತರಿ, ಅಂದರೆ ಅಮೈಲೇಸ್ ಎಂಬ ಕಿಣ್ವ, ಕಾಳು ಮೊಳಕೆ ಒಡೆದಾಗಲೇ ಸಾಕಷ್ಟು ಹುಟ್ಟುವುದು. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುವುದು ಇದಕ್ಕೇ. ಎರಡನೆಯದು, ಆಯಿ ಬಿಡುವ ಆ ಒಂದು ಚಮಚ ಹುಳಿಯಲ್ಲಿ ಹೆಚ್ಚಾಗಿ ಇರುವವರು ಯೀಸ್ಟಿನವರಲ್ಲ, ಮೊಸರಿನ ಕುಲದ ಬ್ಯಾಕ್ಟೀರಿಯಾಗಳು. ಇದ್ದಷ್ಟು ಸಕ್ಕರೆಯನ್ನು ಅವು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹಿಟ್ಟು ಹುಳಿಯಾಗುತ್ತದೆ, ಬೇರೆ ಕೆಟ್ಟ ಜೀವಿಗಳು ಆ ಹುಳಿಗೆ ನಿಲ್ಲುವುದಿಲ್ಲ.

ಇದೇ ಪ್ರಶ್ನೆ ಉಲ್ಟಾ ಆಗಿ ಲೂಯಿ ಪಾಶ್ಚರನ ಮುಂದೆ ಬಂದಿತ್ತು. 1856ರಲ್ಲಿ ಫ್ರಾನ್ಸಿನ ಲೀಲ್ ಪಟ್ಟಣದಲ್ಲಿ ಬೀಟ್‌ರೂಟಿನಿಂದ ಆಲ್ಕೊಹಾಲ್ ಮಾಡುವ ಕಾರ್ಖಾನೆಯವರಿಗೆ ಕೆಲವು ತೊಟ್ಟಿಗಳು ಸುಮ್ಮನೆ ಹುಳಿಯಾಗುತ್ತಿದ್ದವು. ಪಾಶ್ಚರ್ ಸೂಕ್ಷ್ಮದರ್ಶಕದಲ್ಲಿ ನೋಡಿದ. ಒಳ್ಳೆಯ ತೊಟ್ಟಿಯಲ್ಲಿ ದುಂಡನೆಯ ಯೀಸ್ಟ್, ಕೆಟ್ಟ ತೊಟ್ಟಿಯಲ್ಲಿ ಅದಕ್ಕಿಂತ ಬಹಳ ಸಣ್ಣ ಕಡ್ಡಿಗಳಂಥ ಜೀವಿ. ಅವನಿಗೆ ಅದು ಕೆಟ್ಟ ತೊಟ್ಟಿ. ನಮ್ಮ ಆಯಿಗೆ ಅದೇ ಊಟ.

ಜೋಳದಿಂದ ಬಿಯರ್ ಆಗುವುದೇ ಇಲ್ಲವೆಂದಲ್ಲ. ಆಫ್ರಿಕದ ಬುರ್ಕಿನಾ ಫಾಸೊದಲ್ಲಿ ಹೆಂಗಸರು ಕೆಂಪು ಜೋಳದ ಮೊಳಕೆಯಿಂದ ‘ದೋಲೋ’ ಮಾಡುತ್ತಾರೆ. ದಕ್ಷಿಣ ಆಫ್ರಿಕದ ‘ಉಂಕೊಂಬೊತಿ’ಯಲ್ಲಿ ಗೋವಿನಜೋಳದ ಜೊತೆ ಮೊಳಕೆ ಜೋಳ ಇರುತ್ತದೆ. ನೈಜೀರಿಯ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೂ ಜೋಳಕ್ಕೆ ಬಂದವು. ನಮ್ಮ ಸುರಪುರ, ಶಹಾಪುರದ ಕಡೆ ಕಾಲುವೆ ನೀರು ಹರಿದು ನೆಲ್ಲು ಬಂದ ಮೇಲೆ ಜೋಳವನ್ನು ಬಡವರ ಕಾಳು ಎಂದು ನೋಡುವವರು ಹೆಚ್ಚಾಗಿದ್ದಾರೆ. ಅವರು ಇದನ್ನು ಓದಲಿ ಎಂದೇ ಬರೆದೆ.

ಪರದೇಶದ ಹವ್ಯಾಸಿಗಳ ವಿಷಯದಲ್ಲಿ ನನಗೆ ಮೆಚ್ಚಿಗೆಯಾದದ್ದು ಅವರ ಬಿಯರ್ ಅಲ್ಲ, ಅವರ ಪಾತ್ರೆಯ ಗಾತ್ರ. ಅಮೆರಿಕದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಮಾಡುತ್ತಾರೆ. ಕೆಲವರು ಬೇಕೆಂದೇ ಒಂದೇ ಗ್ಯಾಲನ್, 4 ಲೀಟರಿಗೂ ಕಡಿಮೆ ಮಾಡುತ್ತಾರೆ. ಕೆಟ್ಟರೆ ಹೋಗುವುದು ಸ್ವಲ್ಪ. ಅಡುಗೆಮನೆಯ ಒಲೆ, ಪಾತ್ರೆ ಸಾಕು. ಕುದಿಸಿದ್ದು ಬೇಗ ಆರುತ್ತದೆ, ನಡುವೆ ಹೊಲಸು ಸೇರಲು ಸಮಯ ಸಿಗುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಅಷ್ಟೇ ಸಾಮಾನಿನಲ್ಲಿ ಐದು ಸಲ ಮಾಡಬಹುದು. ಪ್ರತಿಸಲ ಒಂದೇ ಒಂದನ್ನು ಬದಲಿಸಿ ನೋಡಬಹುದು. ಸಣ್ಣ ಪಾತ್ರೆಗೆ ಒಂದು ದೋಷವೂ ಇದೆ: ಹೊರಗಿನ ಸೆಕೆ, ಚಳಿ ಬೇಗ ತಟ್ಟುತ್ತದೆ.

ಈ ಪಾಠ ನಾನು ಕಲಿತದ್ದು ಅವಮಾನದಿಂದ. ಹಾಸ್ಟೆಲಿನಲ್ಲಿದ್ದಾಗ ಗ್ಯಾದರಿಂಗಿಗೆ ಇಡ್ಲಿ ಮಾಡುವ ಹೊಣೆ ನಾನು ಮೈಮೇಲೆ ಹಾಕಿಕೊಂಡೆ. ಮೇ ತಿಂಗಳು. ಎರಡು ಹಂಡೆ ತುಂಬ ಹಿಟ್ಟು ರುಬ್ಬಿಸಿ ಸಂಜೆ ಐದಕ್ಕೇ ಇಟ್ಟೆ. ಬೆಳಿಗ್ಗೆ ಹಂಡೆಯ ಸುತ್ತ ಹಿಟ್ಟಿನ ಕೆರೆ, ಮೂಗು ಮುಚ್ಚುವಂಥ ವಾಸನೆ. ದೊಡ್ಡ ರಾಶಿಯಲ್ಲಿ ಹುದುಗುವಾಗ ಹುಟ್ಟುವ ಶಾಖ ಹೊರಗೆ ಹೋಗಲು ದಾರಿ ಇಲ್ಲ, ಅದು ಇನ್ನಷ್ಟು ಜೋರು ಮಾಡುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮುಂಚಿನ ದಿನ ಒಂದು ಚರಿಗೆಯಷ್ಟು ಮಾಡಿ ನೋಡಿದ್ದರೂ ತಿಳಿಯುತ್ತಿತ್ತು. ಆ ದಿನ ಹುಡುಗರೆಲ್ಲ ಒಗ್ಗರಣೆ ಅವಲಕ್ಕಿ ತಿಂದರು, ನನ್ನನ್ನು ವರ್ಷಪೂರ್ತಿ ‘ಇಡ್ಲಿ’ ಎಂದೇ ಕರೆದರು.

ಸಣ್ಣ ಅಳತೆಯ ಪ್ರಯೋಗವನ್ನು ಗಣಿತವನ್ನಾಗಿ ಮಾಡಿದವನು ನಿಜವಾಗಿಯೂ ಒಬ್ಬ ಬಿಯರ್ ಕಾರ್ಖಾನೆಯ ನೌಕರ. ವಿಲಿಯಂ ಸೀಲಿ ಗಾಸೆಟ್, ಆಕ್ಸ್‌ಫರ್ಡಿನಲ್ಲಿ ಗಣಿತ, ರಸಾಯನಶಾಸ್ತ್ರ ಓದಿ 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆ ಸೇರಿದ. ಯಾವ ಬಾರ್ಲಿ ಒಳ್ಳೆಯದು ಎಂದು ತಿಳಿಯಲು ಅವನ ಕೈಯಲ್ಲಿ ಇದ್ದದ್ದು ನಾಲ್ಕಾರು ಅಳತೆಗಳು ಮಾತ್ರ. ಆಗಿನ ಸಂಖ್ಯಾಶಾಸ್ತ್ರ ನೂರಾರು ಅಳತೆ ಕೇಳುತ್ತಿತ್ತು. ನಾಲ್ಕು ಅಳತೆಯಿಂದ ಎಷ್ಟು ಧೈರ್ಯದಿಂದ ಮಾತಾಡಬಹುದು, ಎಲ್ಲಿ ಬಾಯಿ ಮುಚ್ಚಿಕೊಳ್ಳಬೇಕು ಎಂಬುದನ್ನು ಅವನು ಲೆಕ್ಕ ಹಾಕಿ 1908ರಲ್ಲಿ ಪ್ರಕಟಿಸಿದ. ಕಾರ್ಖಾನೆ ತನ್ನ ನೌಕರರಿಗೆ ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಬಿಡುತ್ತಿರಲಿಲ್ಲ. ಆದ್ದರಿಂದ ಅವನು ಇಟ್ಟುಕೊಂಡ ಹೆಸರು ‘ಸ್ಟೂಡೆಂಟ್’, ಅಂದರೆ ವಿದ್ಯಾರ್ಥಿ! ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಂಡವರು ‘ಸ್ಟೂಡೆಂಟನ ಟಿ ಪರೀಕ್ಷೆ’ ಎಂದು ಬಾಯಿಪಾಠ ಮಾಡುವುದು ಅದನ್ನೇ. ಹೊಸ ತಳಿ, ಹೊಸ ಔಷಧಿಯ ಸಣ್ಣ ಪರೀಕ್ಷೆಗಳಲ್ಲಿ ಇವತ್ತಿಗೂ ಅದು ಕೆಲಸ ಮಾಡುತ್ತಿದೆ. ಆಮ್ಲವನ್ನು ಅಳೆಯುವ ಪಿ.ಎಚ್. ಮಾನ ಹುಟ್ಟಿದ್ದೂ 1909ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ, ಸೋರೆನ್‌ಸೆನ್ ಎಂಬವರ ಕೈಯಲ್ಲಿ. ಅದೂ ಬಿಯರಿನ ಮನೆಯದೇ. ಕುಡಿಯದವರೂ ಆ ವಿದ್ಯೆಯ ಸಾಲಗಾರರು.

ತಂದೆಯವರೇ, ನಿಮ್ಮ ಸಿಟ್ಟಿಗೆ ಕಾರಣ ಇದೆ. ನಮ್ಮ ರಾಜ್ಯದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. ಅದಕ್ಕೆ ಮುಂಚೆ ಎಷ್ಟು ಮನೆ ಹಾಳಾದವು ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. 1981ರಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೊಹಾಲ್ ಬೆರೆತ ಕಳ್ಳ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಬಚ್ಚಿಟ್ಟದ್ದಕ್ಕೆ, ಮಲಗುವ ಮನೆಯಲ್ಲಿ ಅಪಾಯ ತಂದಿಟ್ಟದ್ದಕ್ಕೆ ಹುಡುಗನಿಗೆ ಶಿಕ್ಷೆ ಸಲ್ಲುತ್ತದೆ. ಆದರೆ ಹೊಡೆದದ್ದು ಸರಿಯೇ ಎಂದು ಕೇಳಿದ್ದೀರಿ. ಸರಿಯಲ್ಲ. ಹೊಡೆತ ತಿಂದವನು ಮುಂದಿನ ಸಲ ಗೂಡು ಬಿಟ್ಟು ಅಟ್ಟ ಹುಡುಕುತ್ತಾನೆ. ಮತ್ತು ಆ ಹಾಳೆಯ ಪ್ರಶ್ನೆ ಕುಡುಕನಾಗಲು ಹೊರಟವನ ಪ್ರಶ್ನೆಯಲ್ಲ.

ಗೂಡಿನಲ್ಲಿ ಗಾಜು ಬೇಡ. ಅವನಿಗೆ ಮೂರು ಸ್ಟೀಲ್ ಚರಿಗೆ ಕೊಡಿ, ಅಡುಗೆಮನೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗ ಕೊಡಿ. ತಮ್ಮಾ, ಮೂರರಲ್ಲೂ ಎರಡು ಚಮಚ ಜೋಳದ ಹಿಟ್ಟು, ಒಂದು ಲೋಟ ನೀರು. ಮೊದಲನೆಯದಕ್ಕೆ ಆಯಿಯ ಹುಳಿ ಒಂದು ಚಮಚ. ಎರಡನೆಯದಕ್ಕೆ ಏನೂ ಬೇಡ. ಮೂರನೆಯದನ್ನು ಚೆನ್ನಾಗಿ ಕುದಿಸಿ, ಮುಚ್ಚಿ ಆರಿಸಿ, ಏನೂ ಹಾಕದೆ ಇಡು. ಮೂರಕ್ಕೂ ಬಟ್ಟೆ ಕಟ್ಟು, ಮುಚ್ಚಳ ಬಿಗಿಯಬೇಡ. ಬೆಳಿಗ್ಗೆ ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ ಬಣ್ಣ ತೆಗೆ. ಹುಳಿ ಹೆಚ್ಚಿದ್ದಲ್ಲಿ ಅದು ಕೆಂಪಗಾಗುತ್ತದೆ. ಎಷ್ಟು ಗಂಟೆ, ಎಷ್ಟು ಸೆಕೆ, ಯಾವುದರ ವಾಸನೆ ಹೇಗೆ ಎಂದು ಬರೆದಿಡು. ಒಂದು ರಾತ್ರಿ ಮಾಡಿ ತೀರ್ಪು ಕೊಡಬೇಡ, ಐದು ರಾತ್ರಿ ಮಾಡು. ದಾಸವಾಳ ಹಾಕಿದ್ದನ್ನು ಚೆಲ್ಲು. ಆಯಿಯ ಹುಳಿ ಬಿದ್ದ ಚರಿಗೆಯಲ್ಲಿ ಉಳಿದದ್ದನ್ನು ಕುದಿಸಿ ಅಂಬಲಿ ಮಾಡಲಿ. ಮಿಕ್ಕ ಎರಡು, ಹಾಗೂ ಬೂಸ್ಟು ಬಂದದ್ದು, ತಿಪ್ಪೆಗೆ.

ಇನ್ನೊಂದು ಇದೆ, ಇದು ನನಗೆ ಬಹಳ ಇಷ್ಟ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹುರಿಯದೆ ಪುಡಿ ಮಾಡು. ಜೋಳದ ಹಿಟ್ಟಿನಿಂದ ಚಮಚ ನಿಲ್ಲುವಷ್ಟು ಗಟ್ಟಿ ಗಂಜಿ ಕಾಯಿಸಿ ಎರಡು ಬಟ್ಟಲಿಗೆ ಹಾಕು. ಕುದಿತ ಇಳಿದು, ಇನ್ನೂ ಬಿಸಿ ಇರುವಾಗಲೇ, ಒಂದಕ್ಕೆ ಅರ್ಧ ಚಮಚ ರಾಗಿ ಪುಡಿ ಕಲಸು. ಹತ್ತು ನಿಮಿಷ ನೋಡುತ್ತಾ ಕೂಡು. ನೀರು ಹನಿ ಹಾಕದೆ ಗಂಜಿ ತೆಳ್ಳಗಾಗಿ ಹರಿಯುತ್ತದೆ. ಮೊಳಕೆಯ ಕತ್ತರಿ ಪಿಷ್ಟವನ್ನು ಕತ್ತರಿಸಿತು. ಬಿಯರ್ ಕಾರ್ಖಾನೆಯ ಅರ್ಧ ಕೆಲಸ ಇದೇ; ಉಳಿದರ್ಧ ಯೀಸ್ಟಿನದು, ಅದು ನಮಗೆ ಬೇಡ. ಸಣ್ಣ ಮಕ್ಕಳಿಗೆ ಇದರಿಂದ ಎಂಥ ಉಪಕಾರ ನೋಡು: ಗಟ್ಟಿ ಗಂಜಿ ಅವರ ಗಂಟಲಲ್ಲಿ ಇಳಿಯುವುದಿಲ್ಲ, ನೀರು ಹಾಕಿ ತೆಳ್ಳಗೆ ಮಾಡಿದರೆ ಹೊಟ್ಟೆಗೆ ಕಾಳು ಹೋಗುವುದಿಲ್ಲ. ಮೊಳಕೆ ಪುಡಿ ಹಾಕಿದರೆ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ತೆಳ್ಳಗಾದ ಮೇಲೆ ಇನ್ನೊಮ್ಮೆ ಕುದಿಸಿ ಕೊಡಬೇಕು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ರಾಗಿ ಮಾಲ್ಟಿನ ಮಕ್ಕಳ ಆಹಾರದ ಮೇಲೆ ಕೆಲಸ ನಡೆದದ್ದು ಈ ತತ್ವದಿಂದಲೇ.

ಪಿಯುಸಿ ಮುಗಿದ ಮೇಲೆ ಇದನ್ನೇ ಓದುವ ಮನಸ್ಸಿದ್ದರೆ ದೂರ ಹೋಗಬೇಕಾಗಿಲ್ಲ. ಪಕ್ಕದ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲೇ ಕೃಷಿ ಕಾಲೇಜು ಇದೆ. ಹೊಲಕ್ಕೆ ಹಚ್ಚಬೇಕೆಂಬ ತಂದೆಯ ಆಸೆಯೂ ಅಲ್ಲಿ ಪೂರ್ತಿ ತಪ್ಪುವುದಿಲ್ಲ.

ಐದು ರಾತ್ರಿಯ ಲೆಕ್ಕವನ್ನು ನನಗೆ ಕಳಿಸು. ಮೂರನೆಯ ಚರಿಗೆಯದು ಮರೆಯದೆ ಬರೆ. ಈ ಸಲ ಹಾಳೆ ಹರಿದು ಲಕೋಟೆಯಲ್ಲಿ ತುರುಕಬೇಡ, ಕೆಳಗೆ ಅಪ್ಪನ ರುಜು ಇರಲಿ.