ಯೋಗ ಕಲಿಸುವವರಿಗೆ ಮೊದಲು ವ್ರತ

ಯೋಗವೆಂದೊಡನೆ ನಮಗೆ ಆಸನ, ಪ್ರಾಣಾಯಾಮಗಳು ನೆನಪಾಗುತ್ತವೆ. ಜೈನ ಸಿದ್ಧಾಂತದಲ್ಲಿ ಈ ಪದದ ಅರ್ಥವೇ ಬೇರೆ. ಆಚಾರ್ಯ ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಪ್ರಕಾರ ಕಾಯ, ವಾಕ್ಕು, ಮನಸ್ಸುಗಳ ಚಲನೆಯೇ ಯೋಗ. ಕರ್ಮವು ಆತ್ಮನೆಡೆಗೆ ಹರಿದುಬರುವ ದ್ವಾರವೂ ಅದೇ. ಚಲನೆ ಶುಭವಾದರೆ ಪುಣ್ಯ, ಅಶುಭವಾದರೆ ಪಾಪ. ಈ ಮೂರನ್ನೂ ಸಮ್ಯಕ್ಕಾಗಿ ನಿಗ್ರಹಿಸುವುದು ಗುಪ್ತಿ.

ಈ ಸೂತ್ರಗ್ರಂಥಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದವರು ಪೂಜ್ಯಪಾದಾಚಾರ್ಯರು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಅವರ ತಪೋಭೂಮಿಯೆಂದು ಪರಂಪರೆ ನಂಬುತ್ತದೆ. ದೇವನಂದಿ ಎಂಬುದು ಅವರ ಇನ್ನೊಂದು ಹೆಸರು. ‘ಜ್ಞಾನಾರ್ಣವ’ವನ್ನು ರಚಿಸಿದ ಶುಭಚಂದ್ರಾಚಾರ್ಯರು, ಜೀವಿಗಳ ಕಾಯ, ವಾಕ್ಕು, ಚಿತ್ತಗಳ ಕಲಂಕವನ್ನು ಕಳೆಯುವ ವಚನ ಅವರದೆಂದು ನಮಿಸಿದ್ದಾರೆ. ಯೋಗಶಿಕ್ಷಕರಿಗೆ ಇದಕ್ಕಿಂತ ಉತ್ತಮವಾದ ಅಳತೆಗೋಲು ಬೇಕೆ?

2015ರಿಂದ ಜೂನ್ 21 ಅಂತರರಾಷ್ಟ್ರೀಯ ಯೋಗ ದಿನವಾಗಿದೆ. 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ಮೈಸೂರು ನಮಗೆ ನೆರೆಯ ನಗರ. ಕಲಿಯುವವರು ಹೆಚ್ಚಿದಂತೆ ಕಲಿಸುವವರೂ ಹೆಚ್ಚಿದ್ದಾರೆ, ಅದು ಸಂತೋಷವೇ. ಆದರೆ ಕೆಲವೇ ವಾರಗಳ ತರಬೇತಿಯ ಪ್ರಮಾಣಪತ್ರ ಒಬ್ಬರನ್ನು ಗುರುವಾಗಿಸದು. ಗುರುವಿನ ಯೋಗ್ಯತೆಯನ್ನು ಆ ಮೂರು ನೆಲೆಗಳಲ್ಲಿಯೇ ಪರೀಕ್ಷಿಸಬೇಕು.

ಮೊದಲನೆಯದು ಕಾಯ. ಇಲ್ಲಿ ಅಹಿಂಸೆಯೇ ನಿಯಮ. ಗುಂಡ್ಲುಪೇಟೆಯ ಸೀಮೆಯಲ್ಲಿ ಚೆಂಡುಹೂವಿನ, ಅರಿಸಿನದ ಹೊಲಗಳಲ್ಲಿ ದಿನವಿಡೀ ಬಗ್ಗಿ ದುಡಿಯುವ ತಾಯಿಗೂ, ಅಂಗಡಿಯಲ್ಲಿ ಕುಳಿತೇ ಇರುವ ವ್ಯಾಪಾರಿಗೂ ಒಂದೇ ಅಭ್ಯಾಸ ಹಿತವಾಗದು. ನೋಯುವ ಮಂಡಿಯನ್ನು ಪದ್ಮಾಸನಕ್ಕೆ ಬಲವಂತವಾಗಿ ಮಡಿಸುವುದೂ ಹಿಂಸೆಯೇ. ಹಾಗೆ ಕೂರಲಾರದವರಿಗೆ ನಿಂತೇ ಮಾಡುವ ಕಾಯೋತ್ಸರ್ಗವಿದೆ. ದೇಹದ ಮಮಕಾರವನ್ನು ಬಿಡುವುದು ಅದರ ತಿರುಳು; ದೇಹವನ್ನು ದಂಡಿಸುವುದಲ್ಲ.

ಎರಡನೆಯದು ವಾಕ್ಕು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಇಷ್ಟೇ ದಿನಗಳಲ್ಲಿ ವಾಸಿಯಾಗುವುವೆಂದು ಭರವಸೆ ಕೊಡುವ, ವೈದ್ಯರ ಔಷಧವನ್ನು ಬಿಡಿಸುವ ಮಾತು ಸತ್ಯಾಣುವ್ರತಕ್ಕೆ ಭಂಗ. ಆ ಮಾತನ್ನು ನಂಬಿದವನ ಪ್ರಾಣಕ್ಕೂ ಅಪಾಯವಾಗಬಹುದು. ತಿಳಿದಷ್ಟನ್ನೇ ಹೇಳುವುದು, ತಿಳಿಯದಲ್ಲಿ ವೈದ್ಯರ ಬಳಿಗೆ ಕಳುಹಿಸುವುದು ಶಿಕ್ಷಕನ ವಾಕ್ಸಂಯಮ.

ಮೂರನೆಯದು ಮನಸ್ಸು. ಪೂಜ್ಯಪಾದರ ‘ಸಮಾಧಿತಂತ್ರ’ವು ಬಹಿರಾತ್ಮ, ಅಂತರಾತ್ಮ, ಪರಮಾತ್ಮ ಎಂಬ ಮೂರು ಅವಸ್ಥೆಗಳನ್ನು ವಿವರಿಸುತ್ತದೆ. ದೇಹವನ್ನೇ ತಾನೆಂದು ಬಗೆಯುವವನು ಬಹಿರಾತ್ಮ. ಅಂಗಸೌಷ್ಠವದ ಪ್ರದರ್ಶನಕ್ಕೇ ನಿಂತುಬಿಡುವ ಯೋಗವು ಮನುಷ್ಯನನ್ನು ಅದೇ ಅವಸ್ಥೆಯಲ್ಲಿ ಇನ್ನಷ್ಟು ಬಿಗಿಯುತ್ತದೆ. ಶಿಷ್ಯರ ಸಂಖ್ಯೆ, ಕೀರ್ತಿ, ಧನಗಳ ಮೇಲಿನ ಮೂರ್ಛೆಯೂ ಪರಿಗ್ರಹವೇ. ಜೀವನೋಪಾಯಕ್ಕೆ ಶುಲ್ಕ ಪಡೆಯುವುದು ದೋಷವಲ್ಲ. ಬಡವನಿಗೆ ಬಾಗಿಲು ಮುಚ್ಚುವ ಲೋಭ ದೋಷ.

ಬೆನ್ನುನೋವಿಗೆಂದು ಬಂದವನಿಗೆ ವ್ರತದ ಉಪದೇಶವೇಕೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದು. ಕಲಿಯಲು ಬಂದವನ ಮೇಲೆ ಮತವನ್ನಾಗಲಿ ವ್ರತವನ್ನಾಗಲಿ ಹೇರಬಾರದು. ನೋವು ಕಳೆದುಕೊಂಡು ಹೋದರೂ ಅದು ಒಳಿತೇ. ವ್ರತ ಬೇಕಾಗಿರುವುದು ಮೊದಲು ಕಲಿಸುವವನಿಗೆ. ಪತಂಜಲಿಯ ಐದು ಯಮಗಳೂ ಜೈನರ ಪಂಚವ್ರತಗಳೂ ಒಂದೇ: ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ. ಆದುದರಿಂದ ಇದು ಒಂದು ಮತದ ಕಟ್ಟಳೆಯಲ್ಲ. 12ನೆಯ ಶತಮಾನದ ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ದಲ್ಲಿಯೂ ವ್ರತಗಳ ವಿವರಣೆ ಮೊದಲು, ಆಸನಗಳ ಮಾತು ಅನಂತರ. ಪ್ರಾಣಾಯಾಮದ ಆಯಾಸದಿಂದ ಮನಸ್ಸಿಗೆ ಸ್ವಾಸ್ಥ್ಯ ದೊರೆಯದೆಂದೂ ಅವರು ಎಚ್ಚರಿಸಿದ್ದಾರೆ.

ಶಿಕ್ಷಕರು ದಿನಕ್ಕೊಂದು ಸಾಮಾಯಿಕವನ್ನಾದರೂ, ಎಂದರೆ 48 ನಿಮಿಷಗಳ ಸಮಭಾವವನ್ನು, ತಾವೇ ಆಚರಿಸಲಿ. ಮಕ್ಕಳನ್ನು ಯೋಗಕ್ಕೆ ಸೇರಿಸುವ ತಂದೆತಾಯಿಗಳು ಗುರುಗಳ ದೇಹ ಎಷ್ಟು ಬಾಗುತ್ತದೆಂಬುದನ್ನು ನೋಡುವ ಮುನ್ನ ಅವರ ಮಾತು ಎಷ್ಟು ನೇರ, ಮನಸ್ಸು ಎಷ್ಟು ಮೃದು ಎಂಬುದನ್ನು ನೋಡಲಿ. ಕಾಯ, ವಾಕ್ಕು, ಮನಸ್ಸುಗಳು ಒಂದಾಗಿ ನಡೆಯುವಲ್ಲಿ ಮಾತ್ರ ಕಲಿಕೆ ಸಾಧನೆಯಾಗುತ್ತದೆ.