ಬೇಸಗೆಯ ಆಮಂತ್ರಣ ಕನ್ನಡದಲ್ಲಿ, ಜೂನ್ ತಿಂಗಳ ಅಡ್ಮಿಶನ್ ಎಲ್ಲಿ?

ನಮ್ಮ ಬದಿಯಡ್ಕ, ಕುಂಬಳೆ, ಮುಳ್ಳೇರಿಯ, ಪೆರ್ಲದಂಥ ಪೇಟೆಗಳಲ್ಲಿ ಸುದ್ದಿಗೆ ಬರವಿಲ್ಲದ ಕಾಲ ಎಂದರೆ ಬೇಸಗೆ. ನೀರಿಗೆ ಬರ ಇದ್ದೇ ಇದೆ. ಬಾವಿಯ ತಳ ಕಂಡಿತು, ಸುರಂಗದ ನೀರು ಬೆರಳಿನಷ್ಟು ಸಣ್ಣಗಾಯಿತು, ಅಡಿಕೆ ತೋಟ ಒಣಗಿತು ಎಂಬ ಮಾತು ಪ್ರತಿ ಚಹಾದಂಗಡಿಯಲ್ಲೂ ಕೇಳುತ್ತದೆ. ಅದರ ನಡುವೆಯೇ ಊರಿನ ಸಂಭ್ರಮವೆಲ್ಲ ಈ ಎರಡು ಮೂರು ತಿಂಗಳಲ್ಲಿ ಮುಗಿಯಬೇಕು. ಮಾರ್ಚ್ ಕೊನೆಗೆ ಶಾಲೆ ಮುಚ್ಚುತ್ತದೆ. ಆಮೇಲೆ ವಿಷು, ಬ್ರಹ್ಮಕಲಶ, ಕೋಲ, ಒತ್ತೆಕೋಲ, ಉರೂಸು, ಮದುವೆ, ಉಪನಯನ, ಮನೆ ಒಕ್ಕಲು, ಕ್ಲಬ್ಬಿನ ವಾರ್ಷಿಕೋತ್ಸವ, ಮಕ್ಕಳ ಬೇಸಗೆ ಶಿಬಿರ. ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ಎಲ್ಲ ವಿಷಯಕ್ಕೂ ಎ ಪ್ಲಸ್ ಪಡೆದ ಮಕ್ಕಳಿಗೆ ಊರೂರಲ್ಲಿ ಸನ್ಮಾನ. ಕೊನೆಗೆ ಮೇ 24ರ ಆಸುಪಾಸು ಪತ್ತನಾಜೆ. ಕೋಲ ನೇಮಗಳು ನಿಲ್ಲುತ್ತವೆ, ಮೇಳದವರು ಗೆಜ್ಜೆ ಬಿಚ್ಚುತ್ತಾರೆ.

ಈ ಬೇಸಗೆಯ ಸುದ್ದಿಗಳಲ್ಲಿ ನಾವು ದಿನಾ ನೋಡಿಯೂ ಗಮನಿಸದ ಒಂದು ವಿಷಯವಿದೆ. ಇವಿಷ್ಟೂ ನಡೆಯುವುದು ಹೆಚ್ಚಾಗಿ ಕನ್ನಡದಲ್ಲಿ. ಮದುವೆ ಕಾಗದ ಕನ್ನಡದಲ್ಲಿ. ಬ್ರಹ್ಮಕಲಶದ ಆಮಂತ್ರಣ, ಕಾಣಿಕೆಯ ರಶೀದಿ, ಪೇಟೆ ಬದಿಯ ಬ್ಯಾನರು, ಜೀಪಿನ ಮೈಕಿನಲ್ಲಿ ಕೂಗುವ ಪ್ರಚಾರ, ಧಾರ್ಮಿಕ ಸಭೆಯ ಸ್ವಾಗತ, ವರದಿ, ಧನ್ಯವಾದ ಎಲ್ಲವೂ ಕನ್ನಡದಲ್ಲಿ. ಕೋಲದಲ್ಲಿ ದೈವ ನುಡಿಯುವುದು ತುಳುವಿನಲ್ಲಿ, ಆದರೆ ಕೋಲಕ್ಕೆ ಕರೆಯುವ ಕಾಗದ ಕನ್ನಡದಲ್ಲಿ! ಚೌಕಿಯಲ್ಲಿ ಬಣ್ಣ ಹಚ್ಚುವಾಗ ತುಳುವಿನಲ್ಲೋ ಮಲಯಾಳದಲ್ಲೋ ತಮಾಷೆ ಮಾಡುತ್ತಿದ್ದ ಕಲಾವಿದ ರಂಗಸ್ಥಳಕ್ಕೆ ಬಂದ ಕೂಡಲೇ ಅಚ್ಚ ಕನ್ನಡದಲ್ಲಿ ಅರ್ಥ ಹೇಳುತ್ತಾನೆ.

ಹೊರಗಿನವರು ಇದನ್ನು ಕಂಡು, ಕಾಸರಗೋಡಿನಲ್ಲಿ ಎಷ್ಟು ಚೆಂದದ ಕನ್ನಡ ಉಳಿದಿದೆ ಎಂದು ಹೊಗಳಿ ಹೋಗುತ್ತಾರೆ. ನಮಗೂ ಖುಷಿಯಾಗುತ್ತದೆ. ಆದರೆ ಈ ಕನ್ನಡ ಎಲ್ಲಿಂದ ಬಂತು ಎಂದು ಒಮ್ಮೆ ಯೋಚಿಸಿ. ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಪುಸ್ತಕದ ಕನ್ನಡ ಮಾತಾಡುವುದಿಲ್ಲ. ಒಂದನೇ ತರಗತಿಯ ಒಂದೇ ಬೆಂಚಿನಲ್ಲಿ ತುಳುವಿನ ಮಗು, ಹವ್ಯಕ ಮನೆಯ ಮಗು, ಮರಾಟಿಯ ಮಗು, ಮಲಯಾಳ ಅಥವಾ ಬ್ಯಾರಿ ಮಾತಾಡುವ ಮಗು ಒಟ್ಟಿಗೆ ಕೂತಿರುತ್ತವೆ. ಈ ನಾಲ್ಕು ಮಕ್ಕಳಿಗೆ ಅ ಆ ಇ ಈ ಕಲಿಸಿ ಒಂದು ಭಾಷೆಗೆ ತಂದದ್ದು ಶಾಲೆ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿದ್ದು ಕನ್ನಡ ಕಾವ್ಯಕ್ಕಾಗಿ. ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಮನೆಮಾತು ತುಳು. ಪೆರಡಾಲದ ಶಾಲೆಯಲ್ಲಿ ಅವರು ಮೇಷ್ಟ್ರಾಗಿ ಕಲಿಸಿದ್ದು, ಬರೆದು ಹೋರಾಡಿದ್ದು ಕನ್ನಡಕ್ಕಾಗಿ. ನಮ್ಮ ಊರುಗಳಲ್ಲಿ ಕನ್ನಡ ಎಂದರೆ ಮನೆಯಲ್ಲಿ ತಾನಾಗಿ ಬರುವ ಆಸ್ತಿ ಅಲ್ಲ, ಪ್ರತಿ ತಲೆಮಾರೂ ಶಾಲೆಗೆ ಹೋಗಿ ಹೊಸದಾಗಿ ಸಂಪಾದಿಸಬೇಕಾದದ್ದು.

ಹಾಗಾಗಿ ಈ ಬೇಸಗೆಯಲ್ಲಿ ನಾವು ಕೇಳಿದ ಕನ್ನಡವೆಲ್ಲ ಮೂವತ್ತು ನಲುವತ್ತು ವರ್ಷ ಹಿಂದಿನ ಶಾಲೆಯ ಫಸಲು. ಆಮಂತ್ರಣ ಬರೆದ ಕಾರ್ಯದರ್ಶಿ, ಅದನ್ನು ತಿದ್ದಿ ಅಚ್ಚು ಹಾಕಿದವರು, ಮೈಕ್ ಹಿಡಿದವರು, ಭಾಗವತರು, ಸುದ್ದಿ ಬರೆದು ಪತ್ರಿಕೆಗೆ ಕಳಿಸಿದವರು ಯಾವುದೋ ಒಂದು ಕನ್ನಡ ಎಲ್‌ಪಿ ಶಾಲೆಯ ಮಣೆಯ ಮೇಲೆ ಕೂತು ಕಲಿತವರೇ. ಮುಂದಿನ ಫಸಲಿಗೆ ನಾವು ಏನು ಬಿತ್ತುತ್ತಿದ್ದೇವೆ? ನನ್ನ ಪ್ರಶ್ನೆ ಇಷ್ಟೇ.

ಯಾಕೆಂದರೆ ಬೇಸಗೆಯಲ್ಲಿ ಸದ್ದಿಲ್ಲದೆ ನಡೆಯುವ ಇನ್ನೊಂದು ಕಾರ್ಯಕ್ರಮ ಇದೆ. ಅದಕ್ಕೆ ಆಮಂತ್ರಣ ಇಲ್ಲ, ಮೈಕ್ ಇಲ್ಲ. ಅದು ಶಾಲಾ ಅಡ್ಮಿಶನ್. ಮೇ ತಿಂಗಳ ಮದುವೆ ಊಟದ ಪಂಕ್ತಿಯಲ್ಲಿ ಅಮ್ಮಂದಿರು ಮಾತಾಡಿಕೊಳ್ಳುವುದೇ ಇದನ್ನು. ನಿಮ್ಮ ಮಗುವನ್ನು ಎಲ್ಲಿಗೆ ಹಾಕಿದ್ದು? ವ್ಯಾನು ಮನೆವರೆಗೆ ಬರುತ್ತದಾ? ಪತ್ತನಾಜೆ ಕಳೆದು ಸುಮಾರು ಒಂದು ವಾರಕ್ಕೆ ಶಾಲೆಯ ಗಂಟೆ ಬಾರಿಸುತ್ತದೆ, ಪ್ರವೇಶೋತ್ಸವಕ್ಕೆ ಬಲೂನು ಕಟ್ಟುತ್ತೇವೆ. ಆಮೇಲೆ ಬರುತ್ತದೆ ಆರನೇ ಅಧ್ಯಯನ ದಿನ. ಕೇರಳದ ಶಾಲೆಗಳಲ್ಲಿ ಆ ದಿನ ಎಣಿಸಿದ ಮಕ್ಕಳ ತಲೆಯ ಮೇಲೆಯೇ ಆ ವರ್ಷದ ಡಿವಿಷನ್ನು, ಅಧ್ಯಾಪಕರ ಹುದ್ದೆ ನಿರ್ಧಾರ ಆಗುವುದು. ಒಂದೇ ಕಟ್ಟಡದಲ್ಲಿ ಮಲಯಾಳ, ಕನ್ನಡ ಎರಡೂ ವಿಭಾಗ ಇರುವ ಶಾಲೆಗಳಲ್ಲಿ ಇದು ಇನ್ನೂ ಸೂಕ್ಷ್ಮ. ಕನ್ನಡ ವಿಭಾಗದಲ್ಲಿ ನಾಲ್ಕು ಮಕ್ಕಳು ಕಮ್ಮಿಯಾದರೆ ಸುದ್ದಿಯಾಗುವುದಿಲ್ಲ. ಆದರೆ ಒಮ್ಮೆ ಹೋದ ಹುದ್ದೆ ಮರಳಿ ಬರುವುದು ಎಷ್ಟು ಕಷ್ಟ ಎಂದು ಶಾಲೆಯವರಿಗೆ ಗೊತ್ತು.

ನಾವು ಹೋರಾಟಕ್ಕೆ ಹಿಂದೆ ಬಿದ್ದವರಲ್ಲ. 1956ರ ನವೆಂಬರ್ 1ರಂದು ಈ ಪ್ರದೇಶ ಕೇರಳಕ್ಕೆ ಸೇರಿದಂದಿನಿಂದ ಹೋರಾಡಿದ್ದೇವೆ. 2017ರಲ್ಲಿ ಮಲಯಾಳ ಕಡ್ಡಾಯ ಕಾನೂನು ಬಂದಾಗ ಬೀದಿಗಿಳಿದೆವು. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ಮಕ್ಕಳು ಹೆತ್ತವರು ಸೇರಿ ಗೇಟಿನ ಎದುರು ಕೂತರು. ಅದು ನ್ಯಾಯವೇ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕು ಎಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಆ ವಿಧಿ ಸೇರಿದ್ದೂ ಅದೇ 1956ರಲ್ಲಿ. ಆದರೆ ಹಕ್ಕು ಕೇಳಲು ಹೋದಾಗ ಎದುರಿನವರು ಮೊದಲು ಕೇಳುವುದು ಮಕ್ಕಳು ಎಷ್ಟಿದ್ದಾರೆ ಎಂದು. ಖಾಲಿ ಬೆಂಚು ತೋರಿಸಿ ಹಕ್ಕು ಕೇಳುವುದು ಹೇಗೆ?

ಹಾಗೆಂದು ಇಂಗ್ಲಿಷ್ ಮೀಡಿಯಂಗೆ ಮಕ್ಕಳನ್ನು ಹಾಕಿದ ಹೆತ್ತವರನ್ನು ನಾನು ಬಯ್ಯುವುದಿಲ್ಲ. ಅವರ ಕಾರಣಗಳು ಸಣ್ಣವಲ್ಲ. ಇಂಗ್ಲಿಷ್ ಬೇಡವಾ ಮಾಷ್ಟ್ರೇ, ನಾಳೆ ಪಿಎಸ್‌ಸಿ ಬರೆಯಲು ಮಲಯಾಳ ಬೇಡವಾ ಎಂದು ಕೇಳಿದರೆ ಬೇಕು ಎಂದೇ ಹೇಳಬೇಕು. ಎರಡೂ ಬೇಕು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಕಲಿತ ಮಗು ನಾಲ್ಕನೇ ತರಗತಿ ಮುಗಿಸುವಾಗ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಓದಿ ಹೇಳುವಂತಾಗಬೇಕು. ಅಷ್ಟು ಮಾಡುವ ಹೊಣೆ ಅಧ್ಯಾಪಕರದ್ದು, ಅದಕ್ಕೆ ನೆಪ ಹೇಳಬಾರದು. ಮಲಯಾಳವನ್ನೂ ಒಂದು ಭಾಷೆಯಾಗಿ ಹೆದರಿಕೆಯಿಲ್ಲದೆ ಕಲಿಸೋಣ. ಐದು ಭಾಷೆ ಕೇಳಿ ಬೆಳೆಯುವ ನಮ್ಮ ಮಕ್ಕಳಿಗೆ ಇನ್ನೊಂದು ಭಾಷೆ ಭಾರವಲ್ಲ. ನಾವು ಬೇಡ ಎನ್ನುವುದು ಕನ್ನಡದ ಜಾಗದಲ್ಲಿ ಮಲಯಾಳ ತಂದು ಕೂರಿಸುವುದನ್ನು.

ಇನ್ನು ಕೆಲವರ ವಾದ ಬೇರೆ. ಮಗು ಎಲ್ಲಿ ಕಲಿತರೇನು, ಆಟ ನೋಡುತ್ತದೆ, ಭಜನೆಗೆ ಹೋಗುತ್ತದೆ, ಕನ್ನಡ ತಾನೇ ಬರುತ್ತದೆ ಎನ್ನುತ್ತಾರೆ. ಕೇಳಿ ಅರ್ಥ ಮಾಡಿಕೊಳ್ಳುವಷ್ಟು ಬರುತ್ತದೆ, ಸರಿ. ಓದಲು ಬರೆಯಲು? ನಮ್ಮ ಊರ ಹುಡುಗರ ವಾಟ್ಸಾಪ್ ಗುಂಪುಗಳನ್ನು ನೋಡಿ. ಕನ್ನಡ ಮಾತು ಇಂಗ್ಲಿಷ್ ಅಕ್ಷರದಲ್ಲಿ. ಅದೂ ಕಷ್ಟವಾದರೆ ವಾಯ್ಸ್ ಮೆಸೇಜು. ಮನೆಗೆ ಬಂದ ಆಮಂತ್ರಣವನ್ನು ಅಜ್ಜ ಓದಿ ಹೇಳಬೇಕು, ಮೊಮ್ಮಗ ಕೇಳಬೇಕು. ಮೊದಲು ಓದಲು ಬಾರದ ಅಜ್ಜನಿಗೆ ಶಾಲೆಗೆ ಹೋಗುವ ಮೊಮ್ಮಗ ಓದಿ ಹೇಳುತ್ತಿದ್ದ. ಈಗ ಅದು ತಿರುಗಿದೆ. ಇನ್ನು ಇಪ್ಪತ್ತು ವರ್ಷ ಕಳೆದ ಮೇಲೆ ಆ ಆಮಂತ್ರಣವನ್ನು ಬರೆಯುವವರು ಯಾರು?

ಹಾಗಾದರೆ ಮಾಡಬೇಕಾದ್ದೇನು? ನನಗೆ ತೋಚಿದ ನಾಲ್ಕು ಮಾತು ಹೇಳುತ್ತೇನೆ.

ಒಂದು, ನಮ್ಮವರಿಗೆ ಸಂಘಟನೆ ಕಲಿಸಬೇಕಾಗಿಲ್ಲ. 2025ರ ಮಾರ್ಚ್ ಕೊನೆಗೆ ಆರಂಭವಾಗಿ ಏಪ್ರಿಲ್ ಮೊದಲ ವಾರದ ತನಕ ನಡೆದ ಮಧೂರಿನ ಬ್ರಹ್ಮಕಲಶೋತ್ಸವ, ಮೂಡಪ್ಪ ಸೇವೆಯನ್ನು ನೋಡಿದವರಿಗೆ ಅದು ಗೊತ್ತು. ಯಾವ ಊರಿನ ಬ್ರಹ್ಮಕಲಶವಾದರೂ ಅಷ್ಟೆ, ಹೊರೆಕಾಣಿಕೆಗೆ ಸಮಿತಿ, ಚಪ್ಪರಕ್ಕೆ ಸಮಿತಿ, ಊಟಕ್ಕೆ, ನೀರಿಗೆ, ವಾಹನ ನಿಲ್ಲಿಸುವುದಕ್ಕೆ ಒಂದೊಂದು ಸಮಿತಿ. ಇಷ್ಟರ ಜೊತೆಗೆ ಶಾಲೆಗೆ ಮಕ್ಕಳನ್ನು ಸೇರಿಸುವುದಕ್ಕೂ ಒಂದು ಉಪಸಮಿತಿ ಇರಲಿ. ರಶೀದಿ ಪುಸ್ತಕ ಹಿಡಿದು ಮನೆ ಮನೆ ಹತ್ತುವ ಸ್ವಯಂಸೇವಕರಿಗೆ ಯಾವ ಮನೆಯಲ್ಲಿ ಶಾಲೆಗೆ ಸೇರುವ ವಯಸ್ಸಿನ ಮಗು ಇದೆ ಎಂದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕಾಣಿಕೆ ಕೇಳಿದ ಮೇಲೆ ಆ ಒಂದು ಮಾತನ್ನೂ ಕೇಳಲಿ. ದೇವಸ್ಥಾನ, ಮಸೀದಿ, ಇಗರ್ಜಿ, ಕ್ಲಬ್ಬು ಯಾವುದಾದರೂ ಸರಿ. ಕನ್ನಡ ಶಾಲೆಗೆ ಜಾತಿ ಧರ್ಮ ಇಲ್ಲ.

ಎರಡು, ಬಹಳಷ್ಟು ಮನೆಗಳಲ್ಲಿ ಶಾಲೆಯನ್ನು ಆಯ್ಕೆ ಮಾಡುವುದು ಭಾಷೆಯಲ್ಲ, ವ್ಯಾನು. ಗುಡ್ಡದ ಮೇಲಿನ ಮನೆಯ ಪುಟ್ಟ ಮಗುವನ್ನು ಮಳೆಗಾಲದಲ್ಲಿ ಎರಡು ಮೈಲಿ ನಡೆಸುವುದು ಯಾವ ತಾಯಿಗೂ ಬೇಡ. ಒಂದು ರಾತ್ರಿಯ ಸುಡುಮದ್ದಿಗೆ, ಒಂದು ಗಾನಮೇಳಕ್ಕೆ ಖರ್ಚು ಮಾಡುವ ದುಡ್ಡಿನ ಒಂದು ಪಾಲನ್ನು ಶಾಲೆಯ ಜೀಪಿನ ಬಾಡಿಗೆಗೆ ಎತ್ತಿಟ್ಟರೆ ದೇವರು ಖಂಡಿತ ಬೇಸರಿಸುವುದಿಲ್ಲ.

ಮೂರು, ಬೇಸಗೆಯ ಕೆಲಸದಲ್ಲಿ ಮಕ್ಕಳಿಗೆ ಪಾಲು ಕೊಡಿ. ಸಭೆಯಲ್ಲಿ ದೊಡ್ಡವರ ಎಂಟು ಭಾಷಣದ ನಡುವೆ ಒಂದು ಕನ್ನಡ ಶಾಲೆಯ ಮಗುವಿಗೆ ಆಮಂತ್ರಣ ಓದಲು ಹೇಳಿ. ಪ್ರಚಾರದ ಮೈಕನ್ನು ಏಳನೇ ತರಗತಿಯ ಹುಡುಗಿಗೆ ಕೊಡಿ. ರಜೆ ಮುಗಿದು ಬಂದ ಮಕ್ಕಳಿಂದ ನಾವು ಊರಿನ ಬೇಸಗೆಯ ವರದಿ ಬರೆಸೋಣ. ಯಾವ ಬಾವಿ ಬತ್ತಿತು, ಯಾರ ಮನೆಯಲ್ಲಿ ಹಲಸಿನ ಹಪ್ಪಳ ಮಾಡಿದರು, ಯಾವ ಪ್ರಸಂಗದ ಆಟ ಆಯಿತು ಎಂದು. ತನ್ನ ಊರಿನ ಸುದ್ದಿಯನ್ನು ಬರೆಯಬಲ್ಲ ಮಗುವಿಗೆ ಆ ಭಾಷೆ ತನ್ನದು ಅನಿಸುತ್ತದೆ.

ನಾಲ್ಕನೆಯದು ಸ್ವಲ್ಪ ಖಾರ. ಕನ್ನಡ ಸಮ್ಮೇಳನದ ವೇದಿಕೆ ಹತ್ತುವವರು, ಸಮಿತಿಯ ಅಧ್ಯಕ್ಷರು, ನನ್ನ ಅಧ್ಯಾಪಕ ಮಿತ್ರರು, ಕನ್ನಡದ ಹೆಸರಿನಲ್ಲಿ ಸಂಬಳವೋ ಸನ್ಮಾನವೋ ಪಡೆಯುವ ನಾವೆಲ್ಲ ಮಕ್ಕಳನ್ನು ಯಾವ ಶಾಲೆಗೆ ಕಳಿಸುತ್ತೇವೆ ಎಂಬುದನ್ನು ಊರು ನೋಡುತ್ತದೆ. ನೂರು ಭಾಷಣಕ್ಕಿಂತ ಅದೊಂದೇ ಹೆಚ್ಚು ಕೇಳಿಸುತ್ತದೆ. ಕೂಲಿ ಮಾಡುವವರ ಮಕ್ಕಳು ಮಾತ್ರ ಕನ್ನಡ ಉಳಿಸಬೇಕು ಎಂದರೆ ಅದು ನ್ಯಾಯವಲ್ಲ.

ಬೇಸಗೆಯ ಗದ್ದಲ ಮುಗಿದು ಮಳೆ ಹಿಡಿದ ಮೇಲೆ ನಮ್ಮ ಪೇಟೆಗಳು ತಣ್ಣಗಾಗುತ್ತವೆ. ಬ್ಯಾನರುಗಳು ಹರಿದು ನೇತಾಡುತ್ತವೆ. ಆಗ ಕನ್ನಡ ಕೇಳಬೇಕಾದರೆ ಎಲ್‌ಪಿ ಶಾಲೆಯ ಜಗಲಿಗೇ ಬರಬೇಕು. ಹಂಚಿನ ಮೇಲೆ ಮಳೆ ಸುರಿಯುತ್ತಿರುವಾಗ ಒಳಗೆ ಹದಿನೈದೋ ಇಪ್ಪತ್ತೋ ಮಕ್ಕಳು ಒಟ್ಟಿಗೆ ಕಾಗುಣಿತ ಹೇಳುತ್ತಿದ್ದರೆ ಮುಂದೆಯೂ ನಮ್ಮ ಊರಿನ ಆಮಂತ್ರಣಗಳು ಕನ್ನಡದಲ್ಲಿ ಬರುತ್ತವೆ ಎಂದು ಧೈರ್ಯವಾಗಿ ಹೇಳಬಹುದು. ಆರನೇ ಅಧ್ಯಯನ ದಿನಕ್ಕೆ ಮೊದಲು ನಿಮ್ಮ ಹತ್ತಿರದ ಕನ್ನಡ ಶಾಲೆಗೆ ಒಮ್ಮೆ ಬಂದು ನೋಡಿ. ಬರುವಾಗ ಪಕ್ಕದ ಮನೆಯ ಮಗುವಿನ ಕೈ ಹಿಡಿದುಕೊಂಡೇ ಬನ್ನಿ.